ಹೆಣ್ಣಾದ ಮರದ ಕೆಳಗೆ

ಕೊರಿಯಾದಲ್ಲಿ ನಾವು ಒಟ್ಟು ಒಂಬತ್ತು ದಿನ ಇದ್ದೆವು. ಬುಸಾನಿನ ಸಮುದ್ರ ನೋಡಿದೆವು. ಸೋಲ್‌ನ ಮಾರುಕಟ್ಟೆಗಳಲ್ಲಿ ಕಾಲು ನೋಯುವಷ್ಟು ಸುತ್ತಿದೆವು. ಎಲ್ಲ ಚೆನ್ನಾಗಿತ್ತು. ಆದರೆ ಊರಿಗೆ ಬಂದು ತಿಂಗಳಾದ ಮೇಲೂ ನನ್ನ ತಲೆಯಲ್ಲಿ ಉಳಿದಿರುವುದು ಎರಡು ಊರಿನ ಎರಡು ಮರ, ಮತ್ತೆ ಎರಡನೇ ಮರದ ಕೆಳಗೆ ಅಮ್ಮ ಆಡಿದ ಮಾತು.

ಹೋಗಿದ್ದು ನಾನು, ಅಮ್ಮ ಇಬ್ಬರೇ. ಅಮ್ಮನಿಗೆ 66. ಹೋಗಿದ್ದಕ್ಕೆ ಕಾರಣ ಒಂದು ಧಾರಾವಾಹಿ. 2010ರಲ್ಲಿ ಕೊರಿಯಾದ ಕೆಬಿಎಸ್ ವಾಹಿನಿಯಲ್ಲಿ ಬಂದ ‘ಸುಂಗ್ಯುನ್‌ಕ್ವಾನ್ ಸ್ಕ್ಯಾಂಡಲ್’. 20 ಕಂತು. ಜೋಸನ್ ರಾಜರ ಕಾಲದ ಕಥೆ, ಜೊಂಗ್‌ಜೊ ಆಳುತ್ತಿದ್ದ 18ನೇ ಶತಮಾನದ ಕೊನೆಯದು. ಕಿಮ್ ಯೂನ್-ಹಿ ಅನ್ನುವ ಹುಡುಗಿ. ಅಪ್ಪ ಇಲ್ಲ, ತಮ್ಮ ಕಾಯಿಲೆಯವನು, ಮನೆ ಮೇಲೆ ಸಾಲ. ಅವಳು ಗಂಡಸಿನ ಬಟ್ಟೆ ಹಾಕಿಕೊಂಡು, ತಮ್ಮನ ಹೆಸರು ಹೇಳಿಕೊಂಡು, ಪುಸ್ತಕದಂಗಡಿಗೆ ಪುಸ್ತಕ ನಕಲು ಮಾಡಿಕೊಟ್ಟು ಮನೆ ನಡೆಸುತ್ತಾಳೆ. ಅದೂ ಸಾಲದೆ ಬೇರೆಯವರ ಪರವಾಗಿ ಪರೀಕ್ಷೆ ಬರೆಯಲು ಹೋಗುತ್ತಾಳೆ. ಕೊನೆಗೆ ರಾಜನ ಕಣ್ಣಿಗೇ ಬಿದ್ದು, ದೇಶದ ಅತಿ ದೊಡ್ಡ ವಿದ್ಯಾಲಯ ಸುಂಗ್ಯುನ್‌ಕ್ವಾನ್‌ಗೆ ಸೇರಬೇಕಾಗುತ್ತದೆ. ಅಲ್ಲಿ ಓದುವವರೆಲ್ಲ ಗಂಡಸರು. ಗುಟ್ಟು ಹೊರಗೆ ಬಿದ್ದರೆ ಜೀವಕ್ಕೇ ಅಪಾಯ.

ಅಮ್ಮನಿಗೆ ಸಬ್‌ಟೈಟಲ್ ಓದುವಷ್ಟರಲ್ಲಿ ಅದು ಮಾಯವಾಗಿಬಿಡುತ್ತದೆ. ಹಾಗಾಗಿ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೆ. ಹೀಗೆ 20 ಕಂತನ್ನೂ ಎರಡು ಸಲ ನೋಡಿದೆವು. ಪ್ರೀತಿ ಪ್ರೇಮದ ಭಾಗ ಬಂದರೆ ಅಮ್ಮನಿಗೆ ಬೇಜಾರು. “ಅದನ್ನ ಓಡಿಸು ಮಾರಾಯ್ತಿ, ಅವಳು ಬರೆಯೋದನ್ನ ತೋರಿಸು” ಅನ್ನುತ್ತಿದ್ದಳು. ಯೂನ್-ಹಿ ಪಾತ್ರ ಮಾಡಿದ ಪಾರ್ಕ್ ಮಿನ್-ಯಂಗ್ ಕುಂಚ ಹಿಡಿದು ಕೂತರೆ ಸಾಕು, ಅಮ್ಮ ಟೀವಿಯ ಕಡೆ ಬಗ್ಗುತ್ತಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಸೋಲ್‌ನಲ್ಲಿ ಮೊದಲು ಹೋಗಿದ್ದೇ ನಿಜವಾದ ಸುಂಗ್ಯುನ್‌ಕ್ವಾನ್‌ಗೆ. 1398ರಲ್ಲಿ ಶುರುವಾದ ಜಾಗ ಅದು. ಈಗ ಅದೇ ಹೆಸರಿನ ವಿಶ್ವವಿದ್ಯಾಲಯದ ಅಂಗಳದಲ್ಲಿದೆ. ಹ್ಯೆಹ್ವಾ ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದೆವು. ನಮ್ಮಲ್ಲಿ ದಿನಾ ಬಳಸುವ ಮ್ಯಾಪ್ ಅಲ್ಲಿ ನಡೆದುಹೋಗುವ ದಾರಿಯನ್ನು ಸರಿಯಾಗಿ ತೋರಿಸಲಿಲ್ಲ. ಇಪ್ಪತ್ತು ನಿಮಿಷ ಸುಮ್ನೆ ಏರು ಹತ್ತಿ ಇಳಿದೆವು. ಹೋಗುವವರು ನೇವರ್ ಮ್ಯಾಪ್ ಹಾಕಿಕೊಂಡು ಹೋಗಿ. ಅಮ್ಮನ ಮಂಡಿ ನೋವಿಗೆ ಆ ಏರು ಬೇಕಿರಲಿಲ್ಲ.

ಒಳಗೆ ಹೋದ ಕೂಡಲೇ ಅಂಗಳ ತುಂಬ ಹಳದಿ. ನವೆಂಬರ್ ಮೊದಲ ವಾರ, ಗಿಂಕೊ ಅನ್ನುವ ಮರದ ಎಲೆ ಉದುರುವ ಕಾಲ. ಎದುರಿಗೆ ಪಾಠ ನಡೆಯುತ್ತಿದ್ದ ಮ್ಯೊಂಗ್ನ್ಯುನ್‌ದಾಂಗ್, ಎಡಕ್ಕೂ ಬಲಕ್ಕೂ ವಿದ್ಯಾರ್ಥಿಗಳ ಸಾಲು ಕೋಣೆಗಳು. ಒಂದೊಂದು ಕೋಣೆಯೂ ನಮ್ಮ ಹಳೇ ಮನೆಯ ದೇವರ ಕೋಣೆಯಷ್ಟೇ. ನಾನು ಪರ್ಸಿನಿಂದ 1,000 ವೊನ್ ನೋಟು ತೆಗೆದು ಅಮ್ಮನಿಗೆ ಕೊಟ್ಟೆ. ಅದರ ಮೇಲೆ ಯಿ ಹ್ವಾಂಗ್ ಅನ್ನುವ ವಿದ್ವಾಂಸನ ಮುಖ ಇದೆ, ಪಕ್ಕದಲ್ಲೇ ಈ ಕಟ್ಟಡ ಇದೆ. ಅಮ್ಮ ನೋಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಕಟ್ಟಡದ ಮಾಡನ್ನು ನೋಡಿದಳು, ಮತ್ತೆ ನೋಟು ನೋಡಿದಳು. ಆಮೇಲೆ ಅದನ್ನು ನಾಲ್ಕಾಗಿ ಮಡಿಸಿ ತನ್ನ ಚಿಕ್ಕ ಪರ್ಸಿಗೆ ಹಾಕಿಕೊಂಡಳು. ನನಗೆ ವಾಪಸ್ ಕೊಡಲೇ ಇಲ್ಲ.

ಇಲ್ಲಿ ಓದುತ್ತಿದ್ದವರಿಗೆ ಹಾಜರಿ ಹಾಕುತ್ತಿದ್ದದ್ದು ಊಟದ ಮನೆಯಲ್ಲಂತೆ. ಬೆಳಗ್ಗೆ, ಸಂಜೆ ಎರಡೂ ಹೊತ್ತು ಊಟಕ್ಕೆ ಬಂದು ಸಹಿ ಹಾಕಿದರೆ ಒಂದು ಅಂಕ. ಅಂಥ 300 ಅಂಕ ಸೇರಿದರೆ ಇಲ್ಲಿನವರಿಗೇ ಮೀಸಲಾದ ಸರ್ಕಾರಿ ಪರೀಕ್ಷೆಗೆ ಕೂರಬಹುದಿತ್ತು. ಅಮ್ಮ ಇದನ್ನು ಕೇಳಿ, “ಹಂಗಾದ್ರೆ ಆ ಹುಡುಗಿ ದಿನಾ ಎರಡು ಹೊತ್ತು ಅಷ್ಟು ಗಂಡಸರ ಮಧ್ಯೆ ಕೂತು ಉಣ್ಣಬೇಕಲ್ಲ ಕಣೇ” ಅಂದಳು. ನನಗೆ ಅದು ಹೊಳೆದೇ ಇರಲಿಲ್ಲ.

ಅಂಗಳದ ಗಿಂಕೊ ಮರಕ್ಕೆ 400 ವರ್ಷ ದಾಟಿದೆ. ಕೊಂಬೆಯಿಂದ ದಪ್ಪ ದಪ್ಪ ಗಂಟುಗಳು ಕೆಳಕ್ಕೆ ಇಳಿಬಿದ್ದಿವೆ, ಆಲದ ಬಿಳಲು ಅರ್ಧಕ್ಕೆ ನಿಂತ ಹಾಗೆ. ನಮ್ಮ ಪರಂಗಿಯ ಹಾಗೆ ಗಿಂಕೊದಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಣ್ಣು ಬಿಡುವುದು ಹೆಣ್ಣು. ಆ ಹಣ್ಣು ನೆಲಕ್ಕೆ ಬಿದ್ದು ಒಡೆದರೆ ಕೆಟ್ಟ ನಾತ. ಅಲ್ಲೇ ಕೂತು ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ನಮಗೆ ಈ ಮರದ ಕಥೆ ಹೇಳಿದಳು. ಮೊದಲು ಇದು ಹೆಣ್ಣು ಮರವಾಗಿತ್ತಂತೆ. ಹಣ್ಣಿನ ನಾತಕ್ಕೆ ಓದಲು ಆಗದೆ ಪೂಜೆ ಮಾಡಿ ಬೇಡಿಕೊಂಡರಂತೆ. ಮರ ಹಣ್ಣು ಬಿಡುವುದನ್ನು ನಿಲ್ಲಿಸಿ ಗಂಡಾಯಿತಂತೆ.

ನಾನು ಇದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಮರದ ಬೇಲಿಯ ಹತ್ತಿರ ಹೋಗಿ ಸುಮಾರು ಹೊತ್ತು ನಿಂತಳು. “ಇದೂ ವೇಷ ಹಾಕ್ಕೊಂಡೇ ಒಳಗೆ ಉಳೀತು ಅನ್ನು” ಅಂದಳು. ಆಮೇಲೆ ಇನ್ನೊಂದು ಮಾತು ಹೇಳಿದಳು. “ಆದ್ರೆ ಟೀವೀಲಿ ಬಂದಿದ್ದು ಇದಲ್ಲ. ಆ ಮೆಟ್ಟಿಲು ಬೇರೆ ಥರ ಇತ್ತು.”

ಅಮ್ಮ ಹೇಳಿದ್ದು ಸರಿ. ರಾತ್ರಿ ಹುಡುಕಿದರೆ, ಧಾರಾವಾಹಿಯ ಚಿತ್ರೀಕರಣ ನಡೆದ ಜಾಗಗಳಲ್ಲಿ ಒಂದು ಜೊನ್ಜು ಊರಿನ ಹ್ಯಾಂಗ್ಯೊ ಅಂತ ಗೊತ್ತಾಯಿತು. ಹ್ಯಾಂಗ್ಯೊ ಅಂದರೆ ಜೋಸನ್ ಕಾಲದಲ್ಲಿ ಊರೂರಲ್ಲಿ ಇದ್ದ ಸರ್ಕಾರಿ ಶಾಲೆ. ನಮ್ಮ ಪಟ್ಟಿಯಲ್ಲಿ ಜೊನ್ಜು ಇರಲೇ ಇಲ್ಲ. ಸೇರಿಸಿದೆವು.

ಅದಕ್ಕೆ ಮುಂಚೆ ಒಂದು ದಿನ ಗ್ಯೊಂಗ್‌ಬೋಕ್‌ಗುಂಗ್ ಅರಮನೆ. ಹನ್‌ಬೋಕ್, ಅಂದರೆ ಕೊರಿಯಾದ ಸಾಂಪ್ರದಾಯಿಕ ಉಡುಪು, ಹಾಕಿಕೊಂಡು ಹೋದರೆ ಅಲ್ಲಿ 3,000 ವೊನ್ ಟಿಕೆಟ್ ಬೇಕಿಲ್ಲ. ಬಾಡಿಗೆ ಅಂಗಡಿಯಲ್ಲಿ ನಾನು ಗಂಡಸರ ಉದ್ದ ನಿಲುವಂಗಿ, ಕರಿ ಟೋಪಿ ಕೇಳಿದೆ. ಅಂಗಡಿಯ ಹುಡುಗಿ ತಕ್ಷಣ ತೆಗೆದುಕೊಟ್ಟಳು. ಮುಂಚೆ ಹೀಗೆ ಹೋದರೆ ಟಿಕೆಟ್ ಕೊಳ್ಳಬೇಕಿತ್ತು ಅಂತಲೂ ಹೇಳಿದಳು. ಹೆಣ್ಣು ಹೆಣ್ಣಿನ ಬಟ್ಟೆ, ಗಂಡು ಗಂಡಿನ ಬಟ್ಟೆ ಹಾಕಿದರೆ ಮಾತ್ರ ಉಚಿತ ಅನ್ನುವ ನಿಯಮ ಇತ್ತು. ಅದು ತಾರತಮ್ಯ ಅಂತ ಅಲ್ಲಿನ ಮಾನವ ಹಕ್ಕುಗಳ ಆಯೋಗ ಹೇಳಿತು. 2019ರ ಜುಲೈನಿಂದ ಆ ನಿಯಮ ಹೋಯಿತು. 2019! ಧಾರಾವಾಹಿ ಬಂದು ಒಂಬತ್ತು ವರ್ಷ ಆದಮೇಲೆ. ಟೋಪಿಯ ದಾರವನ್ನು ಗಲ್ಲದ ಕೆಳಗೆ ಕಟ್ಟಿಕೊಟ್ಟದ್ದು ಅಮ್ಮ. ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದಳು, ಯೂನ್-ಹಿಗೆ ಇದ್ದ ಹಾಗೇ ಬರಬೇಕು ಅಂತ. ಆ ದಿನ ಅಮ್ಮ ನನ್ನ ಫೋಟೋ ತೆಗೆದಷ್ಟು ನನ್ನ ಮದುವೆಯಲ್ಲೂ ಯಾರೂ ತೆಗೆದಿರಲಿಲ್ಲ.

ಜೊನ್ಜುವಿಗೆ ಸೋಲ್‌ನ ಯೊಂಗ್‌ಸಾನ್ ನಿಲ್ದಾಣದಿಂದ ವೇಗದ ರೈಲು. ಎರಡು ಗಂಟೆಯೊಳಗೆ ಹೋಗಿಬಿಡುತ್ತದೆ. ಹಳೇ ಹೆಂಚಿನ ಮನೆಗಳ ಬೀದಿ ತುಂಬ ಚೆಂದ, ಜನ ಮಾತ್ರ ಜಾಸ್ತಿ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನನಗೆ ಇನ್ನೂ ಅದು ಚುಚ್ಚುತ್ತದೆ. ಜೊನ್ಜು ಅಂದರೆ ಬಿಬಿಂಬಾಪ್‌ಗೆ, ಅಂದರೆ ಅನ್ನದ ಮೇಲೆ ತರಕಾರಿ, ಮಾಂಸ, ಮೊಟ್ಟೆ ಹಾಕಿ ಕಲಸಿ ತಿನ್ನುವ ಊಟಕ್ಕೆ, ಹೆಸರಾದ ಊರು. ಅಮ್ಮ ಹುಟ್ಟಾ ಸಸ್ಯಾಹಾರಿ. ಒಂದು ಹೋಟೆಲಿನಲ್ಲಿ ಮಾಂಸ, ಮೊಟ್ಟೆ ಬೇಡ ಅಂತ ಫೋನಿನಲ್ಲಿ ಕೊರಿಯನ್ ಭಾಷೆಗೆ ಮಾಡಿ ತೋರಿಸಿದೆ. ಆಯ್ತು ಅಂದರು. ಸೊಪ್ಪು, ಮೊಳಕೆ ಕಾಳು, ಅಣಬೆ ಎಲ್ಲ ಹಾಕಿ ಚೆಂದವಾಗಿ ತಂದರು. ಅಮ್ಮ ಅರ್ಧ ಬಟ್ಟಲು ತಿಂದಾದ ಮೇಲೆ ಪಕ್ಕದ ಮೇಜಿನವರು ಹೇಳಿದರು, ಇಲ್ಲಿ ಅನ್ನವನ್ನೇ ದನದ ಮೂಳೆ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ ಅಂತ. ಅಮ್ಮ ಚಮಚ ಕೆಳಗಿಟ್ಟಳು. ಏನೂ ಬೈಯಲಿಲ್ಲ. ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದಳು. ನನಗೆ ಅಳು ಬಂತು. ತಪ್ಪು ನನ್ನದೇ, ಕೇಳಬೇಕಾದ ಪ್ರಶ್ನೆಯನ್ನು ನಾನು ಪೂರ್ತಿ ಕೇಳಿರಲಿಲ್ಲ. ಸಸ್ಯಾಹಾರಿಗಳು ಕೊರಿಯಾಕ್ಕೆ ಹೋದರೆ ಮಾಂಸ ಬೇಡ ಅಂದರೆ ಸಾಲದು. ಅನ್ನ ಯಾವ ನೀರಿನಲ್ಲಿ ಬೆಂದಿದೆ, ಸಾರಿಗೆ ಮೀನು ಹಾಕಿದ್ದಾರಾ, ಕಿಮ್ಚಿ ಅನ್ನುವ ಅಲ್ಲಿನ ಉಪ್ಪಿನಕಾಯಿಯಲ್ಲಿ ಮೀನಿನ ಸಾಸ್ ಇದೆಯಾ, ಎಲ್ಲವನ್ನೂ ಬೇರೆ ಬೇರೆಯಾಗಿ ಕೇಳಿ. ‘ಯುಕ್ಸು’ ಅಂದರೆ ಆ ಬೇಯಿಸಿದ ನೀರು, ಆ ಪದ ನೆನಪಿಟ್ಟುಕೊಳ್ಳಿ. ಬೌದ್ಧ ದೇವಾಲಯದ ಊಟ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಹೋಗಿ. ನಮಗೆ ಅದು ಸೋಲ್‌ಗೆ ವಾಪಸಾದ ಮೇಲೆ ಸಿಕ್ಕಿತು. ಅವತ್ತು ಅಮ್ಮನ ಹೊಟ್ಟೆಗೆ ಹೋಗಿದ್ದು ಎರಡು ಬಾಳೆಹಣ್ಣು, ಮನೆಯಿಂದ ತಂದ ಚಕ್ಕುಲಿ.

ಹೀಗೆ ಹಸಿದುಕೊಂಡೇ ಹ್ಯಾಂಗ್ಯೊಗೆ ಹೋದೆವು. ಪ್ರವೇಶಕ್ಕೆ ದುಡ್ಡಿಲ್ಲ. ಜೊನ್ಜುವಿನ ಈ ಶಾಲೆ ಮೊದಲು ಬೇರೆ ಕಡೆ ಇತ್ತಂತೆ. ಹತ್ತಿರದಲ್ಲೇ ಜೋಸನ್ ವಂಶದ ಮೊದಲ ರಾಜನ ಚಿತ್ರ ಇಟ್ಟ ಗುಡಿ. ಹುಡುಗರು ಓದುವ ಗಲಾಟೆಗೆ ರಾಜನಿಗೆ ನೆಮ್ಮದಿ ಇಲ್ಲ ಅಂತ ಶಾಲೆಯನ್ನು ದೂರ ಕಳಿಸಿದರು. ಈಗಿರುವ ಜಾಗಕ್ಕೆ ಬಂದಿದ್ದು 1603ರಲ್ಲಿ. ಮೆಟ್ಟಿಲು ಕಂಡ ಕೂಡಲೇ ಅಮ್ಮ ನನ್ನ ತೋಳು ಹಿಡಿದುಕೊಂಡಳು. “ಇದೇ.”

ಅಂಗಳದಲ್ಲಿ ಒಬ್ಬರು ಅಜ್ಜಿ ಬಿದಿರ ಪೊರಕೆಯಲ್ಲಿ ಎಲೆ ಗುಡಿಸುತ್ತಿದ್ದರು. 70 ದಾಟಿದವರು. ಬಂದವರಿಗೆ ಜಾಗ ತೋರಿಸುವ ಕೆಲಸವನ್ನೂ ಅವರೇ ಇಷ್ಟಪಟ್ಟು ಮಾಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಅಮ್ಮ ಅವರನ್ನು “ಅಕ್ಕಾ” ಅಂದಳು. ಕೊರಿಯನ್ ಭಾಷೆಯಲ್ಲಿ ಹೆಂಗಸರು ಅಕ್ಕನಿಗೆ ‘ಒನ್ನಿ’ ಅನ್ನುತ್ತಾರೆ ಅಂತ ನಾನು ಹೇಳಿಕೊಟ್ಟೆ. “ಒನ್ನಿ” ಅಂದಳು ಅಮ್ಮ. ಅಜ್ಜಿ ಪೊರಕೆಯನ್ನು ಗೋಡೆಗೆ ಒರಗಿಸಿ ಬಂದುಬಿಟ್ಟರು.

ಅವರು ನಮ್ಮನ್ನು ಪಡುವಣ ಕಡೆಯ ಗಿಂಕೊ ಹತ್ತಿರ ಕರೆದುಕೊಂಡು ಹೋದರು. ಈ ಮರಕ್ಕೆ ಹುಳ ಹಿಡಿಯುವುದಿಲ್ಲ, ಓದುವ ಮಕ್ಕಳೂ ಹಾಗೇ ಇರಲಿ ಅಂತ ನೆಟ್ಟದ್ದು ಅಂದರು. ಆಮೇಲೆ ಅವರು ಹೇಳಿದ್ದು ಕೇಳಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಈ ಮರ ಮೊದಲು ಗಂಡಾಗಿತ್ತಂತೆ. ಆಮೇಲೆ ಹೆಣ್ಣಾಗಿ ಹಣ್ಣು ಬಿಟ್ಟಿತಂತೆ. ಇದರ ಐದು ಕಾಯಿ ತೆಗೆದುಕೊಂಡು ಬೇಡಿಕೊಂಡರೆ ಪರೀಕ್ಷೆಯಲ್ಲಿ ಪಾಸಾಗುತ್ತಾರೆ ಅಂತ ನಂಬಿಕೆ.

ಸೋಲ್‌ನಲ್ಲಿ ಹೆಣ್ಣು ಮರ ಗಂಡಾಯಿತು, ಇಲ್ಲಿ ಗಂಡು ಮರ ಹೆಣ್ಣಾಯಿತು. ಇದನ್ನು ಅಜ್ಜಿಗೆ ಹೇಳಿ, ನಾವು ಯಾವ ಧಾರಾವಾಹಿ ನೋಡಿ ಬಂದೆವು ಅಂತಲೂ ಹೇಳಿದೆ. ಅವರು ತಲೆಯಾಡಿಸಿದರು. ಅದು ಕಟ್ಟಿದ ಕಥೆ, ಆದರೆ ನಿಜವಾಗಿ ಹಾಗೆ ಮಾಡಿದ ಹುಡುಗಿಯೂ ಇದ್ದಳು ಅಂದರು. 1817ರಲ್ಲಿ ಹುಟ್ಟಿದ ಕಿಮ್ ಗುಮ್‌ವೊನ್. 14ನೇ ವಯಸ್ಸಿಗೆ ಅಪ್ಪ ಅಮ್ಮನನ್ನು ಒಪ್ಪಿಸಿ, ಹುಡುಗನ ಬಟ್ಟೆ ಹಾಕಿಕೊಂಡು ಗುಮ್‌ಗಾಂಗ್ ಬೆಟ್ಟ ನೋಡಲು ಹೊರಟವಳು. ತಾನು ಕಂಡದ್ದನ್ನೆಲ್ಲ 1850ರಲ್ಲಿ ಬರೆದಿಟ್ಟಳು.

ನಮ್ಮ ಮಾತು ನಡೆಯುತ್ತಿದ್ದದ್ದು ಹೀಗೆ. ಅಮ್ಮ ಕನ್ನಡದಲ್ಲಿ ಹೇಳುತ್ತಾಳೆ. ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತೇನೆ. ಫೋನು ಕೊರಿಯನ್‌ನಲ್ಲಿ ಓದುತ್ತದೆ. ಅಜ್ಜಿ ಫೋನಿಗೆ ಮಾತಾಡುತ್ತಾರೆ, ನಾನು ಅದನ್ನು ಓದಿ ಅಮ್ಮನಿಗೆ ಹೇಳುತ್ತೇನೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒನ್ನಿಗೆ ಇದನ್ನ ಹೇಳು” ಅಂದಳು. “ನಾನೂ ತಮ್ಮನ ಹೆಸರಲ್ಲಿ ಬರೆದಿದ್ದೆ.”

ನನ್ನ ಬೆರಳು ಅಲ್ಲೇ ನಿಂತಿತು.

“ಟೈಪ್ ಮಾಡೇ.”

1974ರಲ್ಲಿ ಅಮ್ಮನ ಎಸ್ಸೆಸ್ಸೆಲ್ಸಿ ಮುಗಿಯಿತು. ತೀರ್ಥಹಳ್ಳಿಯ ಹತ್ತಿರದ ಹಳ್ಳಿ ಅವಳದು. ಅಲ್ಲಿಗೇ ಓದು ನಿಂತಿತು. ಇಷ್ಟು ನನಗೆ ಗೊತ್ತಿತ್ತು. ಮರುವರ್ಷ ನನ್ನ ಸೋದರಮಾವ ಪಿಯುಸಿಗೆ ಶಿವಮೊಗ್ಗಕ್ಕೆ ಹೋದ. ಅವನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ರಜೆಗೆ ಬಂದಾಗಲೆಲ್ಲ ಜೀವಶಾಸ್ತ್ರದ ರೆಕಾರ್ಡ್ ಪುಸ್ತಕ ತರುತ್ತಿದ್ದ. ಅಮ್ಮ ರಾತ್ರಿ ಲಾಟೀನಿನ ಹತ್ತಿರ ಕೂತು ಕಪ್ಪೆಯ ಹೊಟ್ಟೆ, ದಾಸವಾಳದ ಸೀಳು ಎಲ್ಲ ಬರೆದು, ನೆರಳು ಇರುವ ಕಡೆ ಪೆನ್ಸಿಲ್ ಚುಕ್ಕಿ ಇಟ್ಟು ಕೊಡುತ್ತಿದ್ದಳು. ಬರೆಯಬೇಕಾದರೆ ಅರ್ಥವಾಗಬೇಕಲ್ಲ, ಅದಕ್ಕೆ ಅವನ ಪಠ್ಯಪುಸ್ತಕವನ್ನೂ ಓದುತ್ತಿದ್ದಳು. ಎರಡು ವರ್ಷ. ರೆಕಾರ್ಡಿಗೆ ಪೂರ್ತಿ ಅಂಕ ಬಂತು. ಮೇಷ್ಟ್ರು ಅದನ್ನು ಇಡೀ ತರಗತಿಗೆ ತೋರಿಸಿದರು ಅಂತ ಮಾವ ಬಂದು ಹೇಳಿದನಂತೆ. “ಯಾರ ಕೈಬರಹ ಅಂತ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನಾನೇ ಹೇಳಬೇಡ ಅಂದಿದ್ದೆ, ಅವನಿಗೆ ಅಂಕ ಹೋಗ್ತದೆ ಅಂತ.”

ಇದನ್ನು ನಾನು ಟೈಪ್ ಮಾಡುತ್ತಿದ್ದೆ. ನನ್ನ 38 ವರ್ಷದಲ್ಲಿ ಮೊದಲ ಸಲ ಕೇಳುತ್ತಿದ್ದೆ. ಅಮ್ಮ ನನ್ನ ಕಡೆ ನೋಡದೆ ಅಜ್ಜಿಯ ಕಡೆಯೇ ನೋಡಿಕೊಂಡು ಹೇಳುತ್ತಿದ್ದಳು.

ಅಜ್ಜಿ ಕೇಳಿಸಿಕೊಂಡು ಅಮ್ಮನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ತಮ್ಮ ಅಕ್ಕನ ವಿಷಯ ಹೇಳಿದರು. ಅಕ್ಕ 15ನೇ ವಯಸ್ಸಿಗೆ ಸೋಲ್‌ನ ಪ್ಯೊಂಗ್ಹ್ವಾ ಮಾರುಕಟ್ಟೆಗೆ ಬಟ್ಟೆ ಹೊಲಿಯಲು ಹೋದಳು. ಆ ದುಡ್ಡಿನಲ್ಲಿ ಅಣ್ಣ ಓದಿದ. ಆಗ ಎಷ್ಟೋ ಮನೆಯಲ್ಲಿ ಹೀಗೇ ಇತ್ತು ಅಂದರು. ಅಕ್ಕ ಈಗಿಲ್ಲ. ಅವಳ ಬೆರಳಿನ ತುದಿಯಲ್ಲಿ ಸೂಜಿ ಹೋದ ಗುರುತು ಕೊನೆಯವರೆಗೂ ಇತ್ತು ಅಂತ ಹೇಳಿ, ತಮ್ಮದೇ ತೋರುಬೆರಳನ್ನು ಮುಟ್ಟಿ ತೋರಿಸಿದರು. ಫೋನು ಇದನ್ನು ಅನುವಾದ ಮಾಡುವ ಮೊದಲೇ ಅಮ್ಮನಿಗೆ ಅರ್ಥವಾಗಿತ್ತು.

ಅಮ್ಮ ಬಗ್ಗಿ ಎಲೆಗಳ ಮಧ್ಯೆ ಬಿದ್ದ ಹಣ್ಣು ಹೆಕ್ಕಲು ಹೋದಳು. ಅಜ್ಜಿ “ಆನಿ, ಆನಿ” ಅಂತ ತಡೆದರು. ಬೇಡ ಬೇಡ ಅಂತ. ಆ ಹಣ್ಣಿನ ತಿರುಳು ತಾಗಿದರೆ ಚರ್ಮ ತುರಿಸುತ್ತದೆ. ಜೇಬಿನಿಂದ ಕೈಗವಸು ತೆಗೆದು ಹಾಕಿಕೊಂಡು ತಾವೇ ಕೂತರು. ಹಿಸುಕಿ, ತಿರುಳು ತೆಗೆದು, ಒಳಗಿನ ಬಿಳಿ ಬೀಜವನ್ನು ಎಲೆಯಲ್ಲಿ ಒರೆಸಿ ಒಂದೊಂದಾಗಿ ಟಿಶ್ಯೂ ಮೇಲೆ ಇಟ್ಟರು. ಐದು. ನಾತ ಜೋರಾಗಿತ್ತು. ಅಮ್ಮ ಮೂಗು ಮುಚ್ಚಲಿಲ್ಲ.

ಯಾರ ಪರೀಕ್ಷೆಗೆ, ಮೊಮ್ಮಕ್ಕಳಿಗಾ ಅಂತ ಅಜ್ಜಿ ಫೋನಿಗೆ ಕೇಳಿದರು. ನಾನು ಅಮ್ಮನಿಗೆ ಹೇಳಿದೆ.

“ನಂಗೇ ಅಂತ ಹೇಳು” ಅಂದಳು ಅಮ್ಮ.

ಹೇಳಿದೆ. ಅಜ್ಜಿ ಟಿಶ್ಯೂ ಮೇಲಿನ ಐದನ್ನೂ ಇನ್ನೊಂದು ಸಲ ನೋಡಿದರು. ಅದರಲ್ಲಿ ಒಂದರ ಸಿಪ್ಪೆ ಬಿರುಕು ಬಿಟ್ಟಿತ್ತು. ಅದನ್ನು ತೆಗೆದು ಪಕ್ಕಕ್ಕೆ ಹಾಕಿ, ಮತ್ತೆ ಬಗ್ಗಿ ಎಲೆಗಳನ್ನು ಸರಿಸುತ್ತಾ ಒಳ್ಳೆಯದನ್ನು ಹುಡುಕಲು ಶುರುಮಾಡಿದರು.