ಡಿಮೆನ್ಶಿಯಾ ಇರುವವರ ಮನೆಯಲ್ಲಿ ಬಂದೂಕಿಗೆ ಬೀಗ ಹಾಕಿದರೆ ಸಾಕೇ?

ಡಿಮೆನ್ಶಿಯಾ (ನೆನಪು, ವಿವೇಚನೆ ಕುಂದುತ್ತಾ ಹೋಗುವ ಕಾಯಿಲೆ) ಇರುವ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವ ಕುಟುಂಬಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: "ನಮ್ಮಲ್ಲಿ ಪರವಾನಗಿ ಇರುವ ಬಂದೂಕಿದೆ. ಅದು ಯಾವಾಗಲೂ ಬೀಗದೊಳಗೇ ಇರುತ್ತದೆ. ಅಷ್ಟು ಸಾಕಲ್ಲವೇ?" ಸಾಲದು ಎಂಬುದೇ ನನ್ನ ಉತ್ತರ. ಬೀಗ ಬೇಡವೆಂದು ನಾನು ಹೇಳುತ್ತಿಲ್ಲ. ಆ ಬೀಗವನ್ನು ಯಾರಿಂದ ಕಾಪಾಡಲು ಹಾಕಿದ್ದೇವೆ ಎಂಬುದನ್ನು ಹೊಸದಾಗಿ ಯೋಚಿಸಬೇಕು ಎನ್ನುತ್ತಿದ್ದೇನೆ. ಬಂದೂಕಿಗೆ ಬೀಗ ಹಾಕುವುದು ಸಾಮಾನ್ಯವಾಗಿ ಕಳ್ಳರಿಗೆ ಮತ್ತು ಮಕ್ಕಳಿಗೆ ಸಿಗಬಾರದೆಂದು, ಹಾಗಾಗಿ ಕೀಲಿ ಅದರ ಒಡೆಯರ ಬಳಿಯೇ ಇರುತ್ತದೆ. ಕಾಯಿಲೆ ಬಂದಿರುವುದು ಆ ಒಡೆಯರಿಗೇ ಆಗಿದ್ದರೆ, ಬೀಗ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

"ಮಕ್ಕಳ ಹೆಸರನ್ನೇ ಮರೆತವರಿಗೆ ಬಂದೂಕು ತುಂಬುವುದು ಹೇಗೆ ನೆನಪಿದ್ದೀತು?" ಎಂದು ಹಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಅಪಾಯ ಅಡಗಿರುವುದು ಈ ಸಮಾಧಾನದಲ್ಲಿಯೇ. ನೆನಪೆಂಬುದು ಒಂದೇ ಬಗೆಯದಲ್ಲ. ಡಿಮೆನ್ಶಿಯಾಕ್ಕೆ ಬಹುಪಾಲು ಕಾರಣವಾಗುವ ಆಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಹಾನಿ ಮಾಡುವುದು ಹೊಸ ನೆನಪುಗಳನ್ನು ಕೂಡಿಡುವ, ಮಿದುಳಿನ ಹಿಪೊಕ್ಯಾಂಪಸ್ ಮತ್ತು ಅದರ ಆಸುಪಾಸಿನ ಭಾಗಗಳಿಗೆ. ಆದ್ದರಿಂದ ಇವತ್ತು ನಡೆದದ್ದು, ನಿನ್ನೆ ಕೇಳಿದ್ದು ಬೇಗನೆ ಅಳಿಸಿಹೋಗುತ್ತದೆ. ವರ್ಷಗಟ್ಟಲೆ ಮಾಡಿ ಕೈಗೆ ರೂಢಿಯಾದ ಕೆಲಸಗಳ ನೆನಪು ಮಿದುಳಿನ ಬೇರೆ ಭಾಗಗಳನ್ನು ಆಧರಿಸಿರುವುದರಿಂದ ಬಹುಕಾಲ ಉಳಿಯುತ್ತದೆ. ಒಂದು ಮನೆಯಲ್ಲಿ ಬಂದೂಕನ್ನು ಹಿಂದಿರುಗಿಸುವ ಮುನ್ನ ಅದನ್ನು ಒಮ್ಮೆ ಹಿರಿಯರ ಕೈಗೆ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ತಮ್ಮ ಮಗನನ್ನು "ನೀವು ಯಾರು?" ಎಂದು ಆಗಷ್ಟೇ ಕೇಳಿದ್ದ ಅವರು ಜೋಡಿ ನಳಿಕೆಯ ಆ ಬಂದೂಕನ್ನು ತೆಗೆದುಕೊಂಡು, ಬಾಯಿಯನ್ನು ಯಾರತ್ತಲೂ ತಿರುಗಿಸದೆ, ಹೆಬ್ಬೆರಳಿನಿಂದ ಅಗುಳಿಯನ್ನು ಸರಿಸಿ ನಳಿಕೆಗಳನ್ನು ಮಡಚಿ, ಎರಡೂ ಖಾಲಿಯೆಂದು ನೋಡಿ, ಮತ್ತೆ ಕೂಡಿಸಿದರು. ಕೈಗಳಲ್ಲಿ ತಡವರಿಕೆಯೇ ಇರಲಿಲ್ಲ.

ಕಾಯಿಲೆ ಕಸಿದುಕೊಳ್ಳುವುದು ಬೇರೆಯದನ್ನು: ಎದುರಿಗಿರುವವರು ಯಾರೆಂಬ ಗುರುತನ್ನು, ಇದು ಯಾವ ಹೊತ್ತು, ಯಾವ ಮನೆ ಎಂಬ ಅರಿವನ್ನು, ಇದನ್ನು ಮಾಡಿದರೆ ಏನಾದೀತು ಎಂಬ ವಿವೇಚನೆಯನ್ನು. ಸಂಜೆಯಾಗುತ್ತಿದ್ದಂತೆ ಹಲವರಲ್ಲಿ ಗೊಂದಲವೂ ಚಡಪಡಿಕೆಯೂ ಹೆಚ್ಚುತ್ತವೆ. ತಮ್ಮ ವಸ್ತುಗಳನ್ನು ಯಾರೋ ಕದಿಯುತ್ತಿದ್ದಾರೆ ಎಂಬ ಸಂಶಯ ಈ ಕಾಯಿಲೆಯಲ್ಲಿ ತೀರಾ ಸಾಮಾನ್ಯ. ಲೂಯಿ ಬಾಡಿ ಎಂಬ ಇನ್ನೊಂದು ಬಗೆಯ ಡಿಮೆನ್ಶಿಯಾ ಇರುವವರಿಗೆ ಇಲ್ಲದ ಮನುಷ್ಯರು, ಪ್ರಾಣಿಗಳು ಕಣ್ಣಿಗೆ ಕಟ್ಟಿದಂತೆ ಕಾಣಿಸಬಹುದು. ಮಿದುಳಿನ ಮುಂಭಾಗಕ್ಕೆ ಹಾನಿಯಾಗುವ ಬಗೆಯಲ್ಲಿ ನೆನಪು ಚೆನ್ನಾಗಿಯೇ ಇದ್ದು, ತಡೆದುಕೊಳ್ಳುವ ಶಕ್ತಿ ಮೊದಲು ಹೋಗಬಹುದು. ರಾತ್ರಿ ಹೊದಿಕೆ ಸರಿಪಡಿಸಲು ಕೋಣೆಗೆ ಬರುವ ಮಗಳು ಅವರ ಪಾಲಿಗೆ ಮನೆಗೆ ನುಗ್ಗಿದ ಅಪರಿಚಿತಳಾಗಬಹುದು. ಅಂಥ ಹೊತ್ತಿನಲ್ಲಿ ಮನೆಯವರನ್ನು ಕಾಪಾಡಬೇಕೆಂಬ ಅವರ ಹಂಬಲ ಪ್ರಾಮಾಣಿಕವಾದದ್ದೇ, ಮತ್ತು ಅಪಾಯ ಹೆಚ್ಚುವುದೂ ಅದರಿಂದಲೇ. ಮನೆಯವರು ಆಡಲು ಹಿಂಜರಿಯುವ ಇನ್ನೊಂದು ಮಾತಿದೆ. ಕಾಯಿಲೆ ಇದೆಯೆಂದು ತಿಳಿದ ಮೊದಲ ತಿಂಗಳುಗಳಲ್ಲಿ, ತನಗೇನಾಗುತ್ತಿದೆ ಎಂಬುದು ಇನ್ನೂ ಸ್ಪಷ್ಟವಾಗಿ ಅರ್ಥವಾಗುತ್ತಿರುವಾಗಲೇ, ಖಿನ್ನತೆಯೂ ಬದುಕು ಸಾಕೆನಿಸುವ ಭಾವವೂ ಬರಬಹುದು. ಮನಸ್ಸು ತಿಳಿಯಾಗಲು ಬೇಕಾದ ಸಮಯವನ್ನು ಬಂದೂಕು ಕೊಡುವುದಿಲ್ಲ. ಆದ್ದರಿಂದ "ಇನ್ನೂ ಆರಂಭದ ಹಂತ, ಅವಸರವೇನಿದೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಗಲಿರುಳು ಆರೈಕೆ ಮಾಡಿ ಬಳಲಿದವರ ಮನಸ್ಥಿತಿಯನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಂದೂಕು ಆ ಮನೆಯಲ್ಲಿ ಇಲ್ಲದಿರುವುದೇ ಎಲ್ಲಕ್ಕಿಂತ ಸುರಕ್ಷಿತ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಅದನ್ನು ಬಟ್ಟೆಯಲ್ಲಿ ಸುತ್ತಿ ನೆಂಟರ ಮನೆಗೆ ಕೊಂಡೊಯ್ಯಬಾರದು. ಇಟ್ಟುಕೊಳ್ಳಲು, ಸಾಗಿಸಲು, ಮತ್ತೊಬ್ಬರಿಗೆ ಕೊಡಲು ಎಲ್ಲ ಕಡೆಯೂ ಕಾನೂನಿದೆ. ಒಳ್ಳೆಯ ಉದ್ದೇಶದಿಂದ ಮಾಡಿದ್ದೂ ಅಪರಾಧವಾದೀತು. ಬಂದೂಕನ್ನು ಮನೆಯಿಂದ ಹೊರಗೆ ತೆಗೆಯುವ ಮೊದಲೇ ಪರವಾನಗಿ ಕೊಟ್ಟ ಕಚೇರಿಯನ್ನೋ ಪೊಲೀಸರನ್ನೋ ವಿಚಾರಿಸಿ, ಅವರು ಹೇಳಿದ ಕ್ರಮದಲ್ಲೇ ಒಪ್ಪಿಸಬೇಕು.

ಯಾವುದೋ ಕಾರಣದಿಂದ ಸ್ವಲ್ಪ ಕಾಲ ಮನೆಯಲ್ಲೇ ಇರಬೇಕಾದರೆ, ಮೊದಲು ಮನೆಯಲ್ಲಿ ಎಷ್ಟು ಬಂದೂಕುಗಳಿವೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಪರವಾನಗಿಯಲ್ಲಿ ಬರೆದಿರುವುದು ಮಾತ್ರವಲ್ಲ, ಅಟ್ಟದ ಮೇಲಿನ ಪೆಟ್ಟಿಗೆ, ಹಾಸಿಗೆಯ ಕೆಳಗೆ, ಮೇಜಿನ ಒಳಖಾನೆ, ವಾಹನ, ಹಳೆಯ ಕೋಟಿನ ಜೇಬು, ಎಲ್ಲವನ್ನೂ ಹುಡುಕಬೇಕು, ಬಿಡಿ ಕಾಡತೂಸುಗಳಿಗಾಗಿಯೂ ಹುಡುಕಬೇಕು. ಸಿಕ್ಕಿದ್ದೆಲ್ಲ ತುಂಬಿದ ಬಂದೂಕೆಂದೇ ಭಾವಿಸಿ, ಬಲ್ಲವರಿಂದ ಖಾಲಿ ಮಾಡಿಸಬೇಕು. ಪಿಸ್ತೂಲಿನ ಮ್ಯಾಗಜೀನ್ (ಗುಂಡುಗಳ ಖಾನೆ) ತೆಗೆದ ಮೇಲೂ ನಳಿಕೆಯ ಹಿಂಬದಿಯಲ್ಲಿ ಒಂದು ಗುಂಡು ಉಳಿದಿರುವುದುಂಟು. ಬಳಿಕ ಖಾಲಿ ಬಂದೂಕಿಗೆ ಟ್ರಿಗರ್ ಲಾಕ್ (ಟ್ರಿಗರ್ ಎಳೆಯಲಾಗದಂತೆ ತಡೆಯುವ ಬೀಗ) ಅಥವಾ ಕೇಬಲ್ ಲಾಕ್ (ಬಂದೂಕಿನೊಳಗೆ ತಂತಿ ಹಾಯಿಸಿ ಹಾಕುವ ಬೀಗ) ಹಾಕಿ, ಗಾಜಿನ ಬಾಗಿಲಿಲ್ಲದ ಗಟ್ಟಿ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಮದ್ದುಗುಂಡುಗಳನ್ನು ಬೇರೆ ಜಾಗದಲ್ಲಿ ಬೇರೆ ಬೀಗದೊಳಗೆ ಇಡಬೇಕು. ತುಂಬಿದ ಬಂದೂಕಿಗೆ ಟ್ರಿಗರ್ ಲಾಕ್ ಹಾಕಲೇಬಾರದು. ಹಾಕುವಾಗಲೇ ಗುಂಡು ಹಾರೀತು.

ಇಷ್ಟೆಲ್ಲ ಮಾಡಿ ಹಳೆಯ ಬೀಗವನ್ನೇ ಉಳಿಸಿಕೊಂಡರೆ ಮಾಡಿದ್ದೆಲ್ಲ ವ್ಯರ್ಥ. ಮೂವತ್ತು ವರ್ಷದಿಂದ ಕೀಲಿಯನ್ನು ಒಂದೇ ಜಾಗದಲ್ಲಿ ಇಡುತ್ತಿದ್ದವರ ಕೈ ಇವತ್ತೂ ಅಲ್ಲಿಗೇ ಹೋಗುತ್ತದೆ. ಬೀಗವನ್ನೇ ಬದಲಿಸಬೇಕು, ಕೀಲಿ ನೋಡಿಕೊಳ್ಳುವವರ ಮೈಮೇಲೆಯೋ ಬೇರೆ ಮನೆಯಲ್ಲೋ ಇರಬೇಕು. ಅಂಕಿಗಳ ಬೀಗವಾದರೆ ಮದುವೆಯ ದಿನ, ಮಕ್ಕಳ ಹುಟ್ಟಿದ ವರ್ಷ ಬೇಡ. ಕೊನೆಯವರೆಗೂ ಉಳಿಯುವ ನೆನಪುಗಳಲ್ಲಿ ಅವೂ ಸೇರಿರಬಹುದು. ಬೆರಳಚ್ಚಿನ ಬೀಗವಾದರೆ ಅವರ ಬೆರಳಚ್ಚನ್ನು ಅಳಿಸಲೇಬೇಕು, ಇದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ. ಬೀಗವಿಲ್ಲದೆ ಬರೀ ಬಚ್ಚಿಡುವುದನ್ನು ನಾನು ಸುರಕ್ಷತೆಯೆಂದು ಪರಿಗಣಿಸುವುದೇ ಇಲ್ಲ, ಏಕೆಂದರೆ ಕಪಾಟು, ಪೆಟ್ಟಿಗೆಗಳನ್ನು ಗಂಟೆಗಟ್ಟಲೆ ತಡಕುತ್ತಿರುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಫೈರಿಂಗ್ ಪಿನ್ (ಕಾಡತೂಸಿಗೆ ಬಡಿದು ಸಿಡಿಸುವ ಕಡ್ಡಿ) ತೆಗೆಸಿ ನಿರುಪಯುಕ್ತ ಮಾಡಿದ ಬಂದೂಕನ್ನು ಅವರ ಸಮಾಧಾನಕ್ಕೆಂದು ಕೈಗೆ ಸಿಗುವಂತೆ ಬಿಡುವುದನ್ನೂ ನಾನು ಒಪ್ಪುವುದಿಲ್ಲ. ಅದು ಹಾರದೆಂಬುದು ಮನೆಯವರಿಗೆ ಗೊತ್ತು. ಹಿರಿಯರು ಅದನ್ನು ಹಿಡಿದು ಹೊರಗೆ ಬಂದಾಗ ಎದುರಾಗುವ ನೆರೆಯವರಿಗಾಗಲಿ ಪೊಲೀಸರಿಗಾಗಲಿ ಗೊತ್ತಿರುವುದಿಲ್ಲ.

ಈ ಮಾತನ್ನು ಅವರೊಂದಿಗೆ ಆಡುವುದು ಹೇಗೆ ಎಂಬುದೇ ಕುಟುಂಬಗಳಿಗೆ ಕಷ್ಟವೆನಿಸುತ್ತದೆ. ವಾಹನ ಓಡಿಸುವುದನ್ನು ಬಿಡಿಸುವಾಗ ಹೇಗೋ ಇದೂ ಹಾಗೆಯೇ: ಬೇಗ ಮಾತಾಡಿದಷ್ಟೂ ಅವರ ಮಾತಿಗೆ ಬೆಲೆ ಉಳಿಯುತ್ತದೆ. ವಿವೇಚನೆ ಇನ್ನೂ ಇರುವಾಗ, ಬಂದೂಕು ಯಾರಿಗೆ ಹೋಗಬೇಕು, ಇನ್ನು ಸಾಕು ಎಂದು ಯಾರು ಹೇಳಿದರೆ ಒಪ್ಪುತ್ತೀರಿ ಎಂದು ಅವರನ್ನೇ ಕೇಳಿ, ಅವರ ಕೈಯಿಂದಲೇ ಬರೆಸಿಟ್ಟುಕೊಳ್ಳಬಹುದು. ತಂದೆಯಿಂದ ಬಂದ ಬಂದೂಕಾಗಿದ್ದರೆ ಅದನ್ನು ಮೊಮ್ಮಗನಿಗೆ ಕಾನೂನುಬದ್ಧವಾಗಿ ಒಪ್ಪಿಸುವ ಗೌರವ ಅವರದೇ ಆಗಲಿ. ಮನೆಯವರ ಮಾತಿಗೆ ಸಿಡುಕುವವರು ವೈದ್ಯರು ಹೇಳಿದರೆ ಒಪ್ಪುವುದೂ ಉಂಟು. ಮನೆಯಲ್ಲಿ ಬಂದೂಕಿದೆ ಎಂದು ವೈದ್ಯರಿಗೆ ನೀವಾಗಿಯೇ ತಿಳಿಸಿ.

ಅವರ ಕೈಯಲ್ಲಿ ಈಗಾಗಲೇ ಬಂದೂಕಿದ್ದರೆ ವಾದಿಸಬೇಡಿ, ಕಸಿದುಕೊಳ್ಳಲು ಹೋಗಬೇಡಿ. ಮೆಲ್ಲನೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ತುರ್ತು ಸಹಾಯಕ್ಕೆ ಕರೆ ಮಾಡಿ, ಅವರಿಗೆ ಡಿಮೆನ್ಶಿಯಾ ಇದೆ, ಹೇಳಿದ್ದು ಅರ್ಥವಾಗದೇ ಹೋಗಬಹುದು ಎಂದು ಮೊದಲ ಮಾತಿನಲ್ಲೇ ಹೇಳಿ.

ಬಂದೂಕು ಹೋದ ಮೇಲೂ "ನನ್ನ ಬಂದೂಕು ಎಲ್ಲಿ?" ಎಂಬ ಪ್ರಶ್ನೆ ದಿನಕ್ಕೆ ಹತ್ತು ಸಲ ಬರಬಹುದು. "ನೀವೇ ಕೊಟ್ಟಿರಲ್ಲ, ಮರೆತಿರಾ?" ಎಂದರೆ ಅವರಿಗೆ ಪ್ರತಿ ಸಲವೂ ಹೊಸ ನೋವು. "ಭದ್ರವಾಗಿದೆ, ಜೋಪಾನವಾಗಿ ಇಟ್ಟಿದ್ದೇವೆ" ಎನ್ನಿ, ಅದು ಸುಳ್ಳಲ್ಲ. ಆಮೇಲೆ ಆ ಬಂದೂಕಿನ ಬಗ್ಗೆಯೇ ಮಾತು ತೆಗೆಯಿರಿ, ಯಾವಾಗ ಬಂತು, ಯಾರು ಗುರಿ ಕಲಿಸಿದರು ಎಂದು ಕೇಳಿ. ಖಾಲಿ ಪೆಟ್ಟಿಗೆ ಕಂಡಾಗಲೆಲ್ಲ ಅವರು ತಳಮಳಗೊಳ್ಳುವಂತಿದ್ದರೆ ಪೆಟ್ಟಿಗೆಯನ್ನೂ ಅಲ್ಲಿಂದ ಸಾಗಿಸಿ, ಆ ಜಾಗದಲ್ಲಿ ಬೇರೆ ಏನನ್ನಾದರೂ ಇಡಿ.