ಹಂಟಿಂಗ್ಟನ್ ಬೀಚ್: ಬೇಲಿ ಹಿಂದೆ ಕೂತವರು

ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಫ್ರೀಮಾಂಟ್‌ನಿಂದ ಲಾಸ್ ಏಂಜಲೀಸ್ ಹತ್ತಿರದ ಹಂಟಿಂಗ್ಟನ್ ಬೀಚಿಗೆ ಸುಮಾರು 400 ಮೈಲಿ. ಕ್ಯಾಲಿಫೋರ್ನಿಯಾ ನೋಡಲು ಬಂದವರು ಸಮುದ್ರದ ಪಕ್ಕದ ರಸ್ತೆ ಹಿಡಿಯುತ್ತಾರೆ. ಬೇಸ್‌ಬಾಲಿನಂಥದೇ ಆಟವಾದ ಸಾಫ್ಟ್‌ಬಾಲಿನ ಟೂರ್ನಮೆಂಟಿಗೆ ಹೋಗುವವರಿಗೆ ಆ ಸುಖ ಇಲ್ಲ. ಅವರದ್ದು ಐ-5 ಹೆದ್ದಾರಿ. ಪಚೇಕೊ ಘಾಟಿ ಇಳಿದರೆ ಬಾದಾಮಿ ತೋಟಗಳು, ಮತ್ತೆ ಬಾದಾಮಿ ತೋಟಗಳು. ಕೊಲಿಂಗಾ ಹತ್ತಿರ ಕಿಟಕಿ ಮುಚ್ಚಿದ್ದರೂ ಸಗಣಿ ವಾಸನೆ ಒಳಗೆ ನುಗ್ಗಿತು. ಸಾವಿರಾರು ದನಗಳನ್ನು ಒಂದೇ ಕಡೆ ಕೂಡಿಹಾಕಿ ಮೇವು ಹಾಕುವ ಜಾಗ ಅದು. ನನ್ನ ತಂಗಿಯ ಮಗಳು ಮಾತ್ರ ಹಿಂದಿನ ಸೀಟಿನಲ್ಲಿ ಹಾಯಾಗಿ ನಿದ್ದೆ ಹೊಡೆಯುತ್ತಿದ್ದಳು. ಅವಳು ಕ್ಯಾಚರ್, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವಳು. ಹೆಲ್ಮೆಟ್ಟು, ಎದೆಗೆ ಕಟ್ಟುವ ಪ್ಯಾಡು, ಮೊಣಕಾಲಿನ ಪ್ಯಾಡು, ಬ್ಯಾಟುಗಳು ಎಲ್ಲ ಸೇರಿ ನನ್ನ ಸೂಟ್‌ಕೇಸಿಗೆ ಜಾಗವೇ ಇರಲಿಲ್ಲ. ಅದು ನನ್ನ ಕಾಲಡಿಯಲ್ಲಿತ್ತು.

2025ರ ಜುಲೈ ಕೊನೆ. ಪ್ರೀಮಿಯರ್ ಗರ್ಲ್ಸ್ ಫಾಸ್ಟ್‌ಪಿಚ್, ಎಲ್ಲರ ಬಾಯಲ್ಲಿ ಪಿಜಿಎಫ್, ಅನ್ನುವ ಸಂಸ್ಥೆಯ ರಾಷ್ಟ್ರೀಯ ಟೂರ್ನಿ ಆರೆಂಜ್ ಕೌಂಟಿಯ ಈ ಭಾಗದಲ್ಲಿ ಬೇಸಿಗೆಯಲ್ಲಿ ನಡೆಯುತ್ತದೆ. ಪೇಟೆಯೆಲ್ಲ ಜಡೆಗೆ ರಿಬ್ಬನ್ ಕಟ್ಟಿದ, ಮೊಣಕಾಲಿಗೆ ಮಣ್ಣು ಮೆತ್ತಿಕೊಂಡ ಹುಡುಗಿಯರು. ಹೋಟೆಲಿನ ಲಿಫ್ಟಿನಲ್ಲಿ ಬ್ಯಾಟು, ತಿಂಡಿ ಸಾಲಿನಲ್ಲಿ ಬ್ಯಾಟು. ಎಷ್ಟೋ ಟೂರ್ನಮೆಂಟುಗಳಲ್ಲಿ ಆಯೋಜಕರು ಹೇಳಿದ ಹೋಟೆಲಿನಲ್ಲೇ ಉಳಿಯಬೇಕು, ಇಲ್ಲದಿದ್ದರೆ ತಂಡಕ್ಕೆ ಆಡಲು ಬಿಡುವುದಿಲ್ಲ ಅನ್ನುವ ನಿಯಮ ಇರುತ್ತದಂತೆ. ಅದರ ಮೇಲೆ ತಂಡದ ಫೀಸು, ಪಾರ್ಕಿಂಗು, ಮೈದಾನಕ್ಕೆ ಕಾಲಿಡಲು ಟಿಕೆಟು. ತನ್ನ ಮಗಳ ಆಟ ನೋಡಲು ಅಪ್ಪ ಟಿಕೆಟ್ ಕೊಳ್ಳಬೇಕು ಅಂದರೆ ನನಗೆ ಅರಗಲಿಲ್ಲ.

ಇಷ್ಟೆಲ್ಲ ಯಾಕೆ? ಅಲ್ಲಿ ಸಿಗುವ ಉತ್ತರ ಒಂದೇ, ಎಕ್ಸ್‌ಪೋಷರ್. ಕಾಲೇಜು ಕೋಚ್‌ಗಳ ಕಣ್ಣಿಗೆ ಬೀಳುವುದು.

ಬೆಳಗ್ಗೆ ಎಂಟಕ್ಕೆ ಮೈದಾನಕ್ಕೆ ಹೋದಾಗ ಸಮುದ್ರದ ಕಡೆಯಿಂದ ಬೂದು ಮೋಡ ಕವಿದಿತ್ತು. ಸ್ವೆಟರ್ ಬೇಕೆನಿಸುವ ಚಳಿ. ಮಧ್ಯಾಹ್ನದ ಹೊತ್ತಿಗೆ ಅದೇ ಜಾಗದಲ್ಲಿ ಬೆನ್ನು ಸುಡುವ ಬಿಸಿಲು. ತಂಗಿ ನೀರಿನ ಕ್ಯಾನು ಹಿಡಿದು ಮಗಳ ಕಿಟ್ ಬ್ಯಾಗಿಗೂ ಕೈ ಹಾಕಿದಳು.

"ಅಮ್ಮಾ, ಬೇಡ. ಯಾರಾದ್ರೂ ನೋಡ್ತಾರೆ" ಅಂದಳು ಹುಡುಗಿ.

ಅಮ್ಮನ ಕೈಲಿ ಬ್ಯಾಗ್ ಹೊರಿಸುವ ಹುಡುಗಿಯನ್ನು ಕೋಚ್‌ಗಳು ಗಮನಿಸುತ್ತಾರೆ ಅನ್ನುವುದು ಇಲ್ಲಿ ಎಲ್ಲ ತಾಯಂದಿರಿಗೂ ಗೊತ್ತಿರುವ ಮಾತು.

ಆ ಕೋಚ್‌ಗಳನ್ನು ಗುರುತಿಸುವುದು ಸುಲಭ. ಎದೆಯ ಮೇಲೆ ಕಾಲೇಜಿನ ಲಾಂಛನ ಇರುವ ಟೀ ಶರ್ಟು, ಕ್ಯಾಪು, ಮಡಚುವ ಕುರ್ಚಿ. ಬ್ಯಾಟರ್ ನಿಲ್ಲುವ ಜಾಗದ ಹಿಂದಿನ ತಂತಿ ಬೇಲಿಗೆ ಅಂಟಿಕೊಂಡು ಸಾಲಾಗಿ ಕೂರುತ್ತಾರೆ. ಒಬ್ಬರ ಕೈಲಿ ಚೆಂಡಿನ ವೇಗ ಅಳೆಯುವ ರಾಡಾರ್ ಗನ್, ಇನ್ನೊಬ್ಬರ ಕೈಲಿ ಸ್ಟಾಪ್‌ವಾಚು. ನಮ್ಮ ಹುಡುಗಿ ಕ್ಯಾಚರ್ ಆದ್ದರಿಂದ ಆ ಸ್ಟಾಪ್‌ವಾಚು ಅವಳ ಮೇಲೆ. ಚೆಂಡು ಅವಳ ಗ್ಲೌಸಿಗೆ ಬಡಿದ ಕ್ಷಣದಿಂದ ಎರಡನೇ ಬೇಸಿನಲ್ಲಿ (ರನ್ನಿಗಾಗಿ ಓಡುವವರು ಮುಟ್ಟಬೇಕಾದ ಎರಡನೇ ನೆಲೆ) ನಿಂತವಳ ಗ್ಲೌಸು ಸೇರುವವರೆಗಿನ ಸಮಯಕ್ಕೆ ಪಾಪ್ ಟೈಮ್ ಅನ್ನುತ್ತಾರೆ. ದೂರ 84 ಅಡಿ 10 ಇಂಚು. ಎರಡು ಸೆಕೆಂಡಿನೊಳಗೆ ಎದ್ದು, ಕೈ ಬದಲಿಸಿ, ಎಸೆದು ಮುಗಿಸಬೇಕು. ಎರಡಕ್ಕೂ 1.8ಕ್ಕೂ ನಡುವಿನ ಕಣ್ಣು ಮಿಟುಕಿಸುವಷ್ಟು ವ್ಯತ್ಯಾಸಕ್ಕಾಗಿ ಇವಳು ವರ್ಷಗಳಿಂದ ಬೆವರು ಹರಿಸುತ್ತಿದ್ದಾಳೆ.

ಕೂತವರು ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ಎದ್ದು ಹೋಗುತ್ತಾರೆ. ಮಾತಿಲ್ಲ. ಹೆಣ್ಣು ನೋಡಲು ಬಂದವರಾದರೂ ಉಪ್ಪಿಟ್ಟು ತಿಂದು ಎರಡು ಮಾತಾಡಿ ಹೋಗುತ್ತಿದ್ದರಲ್ವಾ!

ಇದು ಸೊಕ್ಕಲ್ಲ, ನಿಯಮ. ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ 2018ರಲ್ಲಿ ಸಾಫ್ಟ್‌ಬಾಲಿಗೆ ಒಂದು ಗೆರೆ ಎಳೆಯಿತು. ಹುಡುಗಿ ಹನ್ನೊಂದನೇ ಕ್ಲಾಸಿಗೆ ಬಂದ ವರ್ಷದ ಸೆಪ್ಟೆಂಬರ್ 1ರವರೆಗೆ ಮೊದಲ ಡಿವಿಜನ್ (ಕಾಲೇಜು ಕ್ರೀಡೆಯ ಮೂರು ದರ್ಜೆಗಳಲ್ಲಿ ಮೇಲಿನದು) ಕೋಚ್‌ಗಳು ಅವಳ ಜೊತೆಯಾಗಲಿ, ಅಪ್ಪ ಅಮ್ಮನ ಜೊತೆಯಾಗಲಿ ಸೀಟಿನ ಮಾತು ಎತ್ತುವಂತಿಲ್ಲ. ಅದಕ್ಕೆ ಮುಂಚೆ ಎಂಟನೇ ಕ್ಲಾಸಿನ ಹುಡುಗಿಯರು ಇಂಥ ಕಾಲೇಜಿಗೇ ಬರುತ್ತೇನೆ ಅಂತ ಮಾತು ಕೊಟ್ಟುಬಿಡುತ್ತಿದ್ದರು. ಹದಿಮೂರು ವರ್ಷದ ಮಗು! ಈ ನಿಯಮ ಬಂದಿದ್ದು ಒಳ್ಳೆಯದೇ. ಆದರೆ ಈಗ ಆಗಸ್ಟ್ 31ರ ರಾತ್ರಿ ದೇಶದ ತುಂಬ ಹುಡುಗಿಯರು ಫೋನ್ ಹಿಡಿದು ಹನ್ನೆರಡು ಹೊಡೆಯುವುದನ್ನೇ ಕಾಯುತ್ತಾರಂತೆ. ನಮ್ಮವಳೂ ಈ ಸಲ ಅದೇ ಸಾಲಿನಲ್ಲಿ.

ಹಾಗಾದರೆ ಆ ಕುರ್ಚಿಗಳಲ್ಲಿ ಕೂತವರು ಈ ಮೈದಾನವನ್ನೇ ಯಾಕೆ ಆರಿಸಿಕೊಂಡರು? ಪಕ್ಕದಲ್ಲಿ ಸೂರ್ಯಕಾಂತಿ ಬೀಜ ತಿನ್ನುತ್ತಾ ಕೂತಿದ್ದ ಅಜ್ಜ ಬಿಡಿಸಿ ಹೇಳಿದರು. ಅವರ ದೊಡ್ಡ ಮೊಮ್ಮಗಳು ಈ ದಾರಿಯಲ್ಲೇ ಹೋಗಿ ಈಗ ಕಾಲೇಜಿನಲ್ಲಿ ಆಡುತ್ತಿದ್ದಾಳೆ. ಕೋಚ್‌ಗಳು ಸುಮ್ನೆ ಸುತ್ತಾಡಿ ರತ್ನ ಹುಡುಕಲು ಬರುವುದಿಲ್ಲವಂತೆ. ಬರುವಾಗಲೇ ಅವರ ಕೈಲಿ ಪಟ್ಟಿ ಇರುತ್ತದೆ. ಆ ಪಟ್ಟಿಗೆ ಹೆಸರು ಸೇರುವುದು ವಾರಗಟ್ಟಲೆ ಮೊದಲು ಹುಡುಗಿಯೇ ಬರೆದ ಈಮೇಲಿನಿಂದ, ಅವಳ ವಿಡಿಯೊದಿಂದ, ಅವಳ ಕೋಚ್ ಮಾಡಿದ ಒಂದು ಫೋನಿನಿಂದ. ನೂರಾರು ತಂಡ ಇರುವ ಕಡೆ ಬರಿದೇ ಆಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಂದು ರಾತ್ರಿ ಹೋಟೆಲಿನಲ್ಲಿ ಅವಳ ಲ್ಯಾಪ್‌ಟಾಪ್ ನೋಡಿದೆ. ಒಂದೊಂದು ಈಮೇಲಿನ ಮೊದಲ ಸಾಲಿನಲ್ಲೇ 2027, ಕ್ಯಾಚರ್, ಜೆರ್ಸಿ ನಂಬರು, ಎಷ್ಟು ಗಂಟೆಗೆ ಯಾವ ಮೈದಾನ ಅಂತ ಇತ್ತು. 2027 ಅಂದರೆ ಹೈಸ್ಕೂಲ್ ಮುಗಿಸುವ ವರ್ಷ. ಇಲ್ಲಿ ಹುಡುಗಿಯರನ್ನು ವಯಸ್ಸಿನಿಂದಲ್ಲ, ಆ ವರ್ಷದಿಂದಲೇ ಕರೆಯುತ್ತಾರೆ. ಕೆಳಗೆ ಮಾರ್ಕ್ಸು, ಓದಬೇಕೆಂದಿರುವ ವಿಷಯ. ಪ್ರತಿ ಕಾಲೇಜಿಗೂ ಬೇರೆ ಬೇರೆ ಬರೆದಿದ್ದಳು. ಸಿಕ್ಕಿದ್ದ ಉತ್ತರಗಳು ಹೆಚ್ಚಾಗಿ ಒಂದೇ ಥರ: ನಮ್ಮ ಕ್ಯಾಂಪಿಗೆ ಬನ್ನಿ, ಫೀಸು ಇಷ್ಟು. ಅಷ್ಟನ್ನು ಕಳಿಸಲು ನಿಯಮದಲ್ಲಿ ಅಡ್ಡಿಯಿಲ್ಲ.

ನನ್ನ ಲೆಕ್ಕದಲ್ಲಿ, ಟೂರ್ನಮೆಂಟಿನವರು ಎಕ್ಸ್‌ಪೋಷರ್ ಅಂತ ಮಾರುವುದರ ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಈ ಹದಿನಾರರ ಹುಡುಗಿ ಹಾಸಿಗೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪುಕ್ಕಟೆ ಮಾಡಿದ್ದಳು.

ಇನ್ನು ದುಡ್ಡಿನ ಮಾತು. ಬೇಲಿ ಪಕ್ಕ ಅಪ್ಪಂದಿರ ಬಾಯಲ್ಲಿ ಅದೇ ಇತ್ತು. ಮೊದಲ ಡಿವಿಜನ್ನಿನ ಒಂದು ತಂಡಕ್ಕೆ ಒಟ್ಟು 12 ಸ್ಕಾಲರ್‌ಶಿಪ್ ಅನ್ನುವ ಮಿತಿ ಇತ್ತು. ಅದನ್ನೇ ತುಂಡು ಮಾಡಿ ಇಪ್ಪತ್ತು ಚಿಲ್ಲರೆ ಹುಡುಗಿಯರಿಗೆ ಹಂಚುತ್ತಿದ್ದರು. ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ 2025ರ ಜೂನಿನಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದಿಂದ, ಅದಕ್ಕೆ ಸೇರಿದ ಕಾಲೇಜುಗಳಿಗೆ ಆ ಮಿತಿ ಹೋಯಿತು. ಬದಲಿಗೆ ತಂಡದಲ್ಲಿ 25 ಜನ ಮಾತ್ರ. ಚೆಂಡೆಸೆಯುವ ಪಿಚರ್ ನಿಜಾರೀ ಕೆನಡಿ ಸ್ಟ್ಯಾನ್‌ಫರ್ಡ್ ಬಿಟ್ಟು ಟೆಕ್ಸಸ್ ಟೆಕ್ ಸೇರಿದ್ದಕ್ಕೆ ಹತ್ತು ಲಕ್ಷ ಡಾಲರಿಗೂ ಮೇಲೆ ಸಿಕ್ಕಿತೆಂಬ ಸುದ್ದಿಯನ್ನು ಒಬ್ಬರು ಚಪ್ಪರಿಸಿ ಹೇಳಿದರು. ಆದರೆ ಹಾಗೆ ಕಾಲೇಜಿನಿಂದ ಕಾಲೇಜಿಗೆ ಹಾರುವವರು ಹೆಚ್ಚಾದಷ್ಟೂ ಹೈಸ್ಕೂಲ್ ಹುಡುಗಿಯರಿಗೆ ಜಾಗ ಕಡಿಮೆ. ಅದನ್ನು ಯಾರೂ ಚಪ್ಪರಿಸಲಿಲ್ಲ.

ತಂಗಿಯ ಗಂಡನ ಲೆಕ್ಕ ಬೇರೆ. "ದುಡ್ಡು ಬೇಡ ಅತ್ತಿಗೆ, ಒಳ್ಳೆ ಕಾಲೇಜಿನ ಬಾಗಿಲು ತೆರೆದರೆ ಸಾಕು" ಅಂದರು. ಹಾರ್ವರ್ಡ್, ಯೇಲ್‌ನಂಥ ಹೆಸರಾಂತ ವಿಶ್ವವಿದ್ಯಾಲಯಗಳ ಐವಿ ಲೀಗಿನಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ, ಎಂಐಟಿ ಆಡುವ ಮೂರನೇ ಡಿವಿಜನ್ನಿನಲ್ಲೂ ಇಲ್ಲ. ಆದರೂ ಕೋಚ್ ಬೇಕು ಅಂದ ಹುಡುಗಿಯ ಅರ್ಜಿಗೆ ತೂಕ ಬರುತ್ತದೆ. ನಮ್ಮಲ್ಲಿ ಸಿಇಟಿಯ ಕ್ರೀಡಾ ಕೋಟಾಕ್ಕೆ ಸರ್ಟಿಫಿಕೇಟ್ ತೋರಿಸಿದರೆ ಆಯಿತು, ಅವಳ ಆಟವನ್ನು ಯಾರೂ ನೋಡಬೇಕಿಲ್ಲ. ಯಾವುದು ಮೇಲೋ, ನೀವೇ ಹೇಳಿ.

ಮರುದಿನ ನಿರ್ಣಾಯಕ ಪಂದ್ಯ. ನಮ್ಮವಳು ಎರಡು ಸಲ ಔಟಾದಳು. ಎರಡನೇ ಸಲ ನನಗೇ ಅಳು ಬಂತು. ಅವಳು ಬ್ಯಾಟನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟು, ಹೆಲ್ಮೆಟ್ ತೆಗೆದು, ಮುಂದಿನ ಹುಡುಗಿಯ ಹೆಸರು ಕೂಗಿ ಹುರಿದುಂಬಿಸತೊಡಗಿದಳು. ಬೇಲಿ ಹಿಂದಿನ ಒಬ್ಬ ಹೆಂಗಸು ಆಟ ಬಿಟ್ಟು, ತಂಡ ಕೂರುವ ಡಗೌಟಿನ ಕಡೆಗೇ ನೋಡುತ್ತಿದ್ದರು. ತಂಡ ಒಂದು ರನ್ನಿನಿಂದ ಸೋತಿತು. ಹುಡುಗಿಯರು ಅರ್ಧ ಗಂಟೆ ಅತ್ತು, ಆಮೇಲೆ ಸಮುದ್ರಕ್ಕೆ ಓಡಿದರು. ನಾವು ಹಂಟಿಂಗ್ಟನ್ ಬೀಚಿನಲ್ಲಿ ಸಮುದ್ರದೊಳಕ್ಕೆ ಚಾಚಿದ ಉದ್ದ ಪಿಯರ್ ಮೇಲೆ ನಿಂತು ಸರ್ಫಿಂಗ್ ಮಾಡುವವರನ್ನು ನೋಡಿದೆವು. ನನ್ನ ಪ್ರವಾಸದ ಪಟ್ಟಿಯಲ್ಲಿದ್ದ ಒಂದೇ ಜಾಗ ಅದು. ಅದಕ್ಕೆ ಸಿಕ್ಕಿದ್ದು ಮುಕ್ಕಾಲು ಗಂಟೆ.

ರಾತ್ರಿ ದೋಸೆ ಹುಡುಕಿಕೊಂಡು ಆರ್ಟೀಷಿಯಾದ ಪಯೊನಿಯರ್ ಬೊಲೆವಾರ್ಡಿಗೆ ಹೋದೆವು. ಸೀರೆ ಅಂಗಡಿ, ಚಿನ್ನದಂಗಡಿ, ಚಾಟ್, ಎಲ್ಲ ಇರುವ ಬೀದಿ. ಮಸಾಲೆ ದೋಸೆ ಬರುವಷ್ಟರಲ್ಲಿ ಅವಳ ಫೋನ್ ಟಿಂಗ್ ಅಂತು. ಎರಡನೇ ಡಿವಿಜನ್ನಿನ ಒಂದು ಸಣ್ಣ ಕಾಲೇಜು. ಅವರಿಗೆ ಜೂನ್ 15ರಿಂದಲೇ ಮಾತಾಡಲು ಅನುಮತಿ ಇದೆ. ಆಟ ನೋಡಿದೆವು, ಮಾರ್ಕ್ಸ್ ಕಾರ್ಡು ಕಳಿಸು ಅಂತ ಕೋಚ್ ಬರೆದಿದ್ದರು.

"ಎರಡನೇ ಡಿವಿಜನ್ನಾ?" ಅಂದರು ಅಪ್ಪ.

"ಯಾವ ಊರದು?" ಅಂದಳು ಅಮ್ಮ, ಮ್ಯಾಪ್ ತೆಗೆಯುತ್ತಾ. "ಅಯ್ಯೋ, ಸುತ್ತ ಬರೀ ಜೋಳದ ಹೊಲ ಕಣ್ರೀ."

"ಹೊಲ ಇದ್ರೆ ಇರ್ಲಿ ಬಿಡಮ್ಮಾ, ಅವರ ಕ್ಯಾಚರ್‌ಗಳಿಬ್ಬರೂ ಮುಂದಿನ ವರ್ಷ ಓದು ಮುಗಿಸ್ತಾರೆ" ಅಂದಳು ಹುಡುಗಿ. ಅದನ್ನೂ ಮೊದಲೇ ನೋಡಿಟ್ಟುಕೊಂಡಿದ್ದಳು. ನನ್ನ ಕಡೆ ತಿರುಗಿ, "ದೊಡ್ಡಮ್ಮ, ಆ ಚಟ್ನಿ ಈ ಕಡೆ ಕೊಡಿ" ಅಂದು ಎಡಗೈಯಲ್ಲಿ ಉತ್ತರ ಬರೆಯತೊಡಗಿದಳು.