ಐಸಿಯ ಮೇಲಿನ ಬರಹವನ್ನು ಕೊನೆಯ ಅಕ್ಷರದವರೆಗೂ ಓದಿ

ಎಂಬತ್ತರ ದಶಕದಲ್ಲಿ ಬಳ್ಳಾರಿಯ ಮನೆಗಳಲ್ಲಿ ಕಮೊಡೋರ್ 64 ಅಥವಾ ಆಮ್‌ಸ್ಟ್ರಾಡ್ ಸಿಪಿಸಿ ಇಟ್ಟುಕೊಂಡವರನ್ನು ನಾನು ಕಂಡಿಲ್ಲ. ಆದರೂ ಆ ಕಾಲದ ಹೋಮ್ ಕಂಪ್ಯೂಟರ್‌ಗಳನ್ನು ಇಂದು ರಿಪೇರಿ ಮಾಡುವವರಿಗೆ ಬೇಕಾದ ಎಷ್ಟೋ ಐಸಿಗಳು, ಅಂದರೆ ಬೋರ್ಡಿನ ಮೇಲೆ ಕೂರುವ ಚಿಪ್‌ಗಳು, ನಮ್ಮೂರಿನಲ್ಲೇ ಸಿಗುತ್ತವೆ. ಹೊರದೇಶದಲ್ಲಿ ಮಕ್ಕಳ ಆಟದ ಯಂತ್ರದೊಳಗಿದ್ದ ಐಸಿಯೇ ಇಲ್ಲಿ ಪಾಲಿಟೆಕ್ನಿಕ್ ಪ್ರಯೋಗಾಲಯದ ಮೈಕ್ರೊಪ್ರೊಸೆಸರ್ ಕಿಟ್‌ನಲ್ಲಿ, ಕಾರ್ಖಾನೆಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ, ಕಚೇರಿಯ ಹಳೆಯ ಪಿಸಿಯಲ್ಲಿ ದುಡಿದಿದೆ. 8085 ಪ್ರೊಸೆಸರಿನ ಕಿಟ್ ಬಿಚ್ಚಿದರೆ ಸಿಗುವ 8255 ಎಂಬ ಐಸಿ, ಎಂಎಸ್‌ಎಕ್ಸ್ ಎಂಬ ಹೋಮ್ ಕಂಪ್ಯೂಟರ್‌ಗಳಲ್ಲೂ ಆಮ್‌ಸ್ಟ್ರಾಡ್ ಸಿಪಿಸಿಯಲ್ಲೂ ಇತ್ತು. ಹಳೆಯ ಐಬಿಎಂ ಮಾದರಿಯ ಪಿಸಿಗಳ ಡಿಸ್‌ಪ್ಲೇ ಕಾರ್ಡಿನ 6845, ಬಿಬಿಸಿ ಮೈಕ್ರೊ ಎಂಬ ಬ್ರಿಟನ್ನಿನ ಹೋಮ್ ಕಂಪ್ಯೂಟರಿಗೂ ಬೇಕು. ಟಿವಿ, ಯುಪಿಎಸ್ ರಿಪೇರಿ ಮಾಡುವ ನನ್ನ ಅಂಗಡಿಯಲ್ಲಿ ಹಳೆಯ ಐಸಿ ಮಾರುವ ಈ ವ್ಯಾಪಾರ ಶುರುವಾದದ್ದೇ ಈ ನಂಟು ಕಣ್ಣಿಗೆ ಬಿದ್ದ ಮೇಲೆ.

ಮಾಲು ಹೆಚ್ಚಾಗಿ ಬರುವುದು ಕೌಲ್ ಬಜಾರಿನ ಗುಜರಿಯಿಂದ. ಹರಾಜಾದ ಲ್ಯಾಬ್ ಸಾಮಾನು ಬಂದಾಗ ಅಲ್ಲಿಯ ಚಾಚಾ ಫೋನ್ ಮಾಡುತ್ತಾರೆ. ಅವರಿಗೆ ನಾನು ಹೇಳಿಟ್ಟಿರುವುದು ಒಂದೇ: "ಚಾಚಾ, ಬೋರ್ಡನ್ನು ಒಲೆಯ ಮೇಲೆ ಕಾಯಿಸಬೇಡಿ. ಇಡೀ ಬೋರ್ಡನ್ನೇ ಕೊಡಿ, ತೂಕದ ದರಕ್ಕಿಂತ ಹೆಚ್ಚು ಕೊಡುತ್ತೇನೆ." ಕೆಂಡದ ಮೇಲಿಟ್ಟು ಬೆಸುಗೆ ಕರಗಿಸಿ ಉದುರಿಸಿದ ಐಸಿಯನ್ನು ನಾನು ಮಾರುವುದಿಲ್ಲ. ಅದು ಇಂದು ಕೆಲಸ ಮಾಡಿದರೂ ಎಷ್ಟು ದಿನ ಬಾಳುತ್ತದೆ ಎಂದು ಯಾರೂ ಹೇಳಲಾರರು. ಬಿಳಿ ಸೆರಾಮಿಕ್ ಮೈ, ಚಿನ್ನದ ಲೇಪದ ಕಾಲುಗಳಿರುವ ಐಸಿಗಳ ಮೇಲೆ ಚಿನ್ನ ತೆಗೆಯುವವರಿಗೂ ಕಣ್ಣಿದೆ. ಕೆಲಸ ಮಾಡಬಲ್ಲ ಪ್ರೊಸೆಸರ್ ಆ್ಯಸಿಡ್ಡಿಗೆ ಬೀಳುವುದನ್ನು ತಪ್ಪಿಸಲು ಒಂದಿಷ್ಟು ಹೆಚ್ಚು ಹಣ ಕೊಡಬೇಕಾದರೆ ನನಗೆ ಬೇಸರವಿಲ್ಲ.

ಅಂಗಡಿಗೆ ಕಲಿಯಲು ಬರುವ ಹುಡುಗರಿಗೆ ಮೊದಲು ಹೇಳಿಕೊಡುವುದು ಓದುವುದನ್ನು. ಐಸಿಯ ಮೇಲೆ ಎರಡು ಮೂರು ಸಾಲು ಇರುತ್ತವೆ. ದೊಡ್ಡ ಸಂಖ್ಯೆ ನೋಡಿ "ಅಣ್ಣಾ, ಇದು ಝೆಡ್80" ಎಂದರೆ ಅರ್ಧ ಓದಿದಂತೆ. ಝೆಡ್80 ಎಂಬುದು ಝೈಲಾಗ್ ಕಂಪನಿಯ ಪ್ರೊಸೆಸರ್. ಬರೀ ಝೆಡ್80 ಎಂದಿದ್ದರೆ ಅದರ ವೇಗ 2.5 ಮೆಗಾಹರ್ಟ್ಸ್, ಝೆಡ್80ಎ ಆದರೆ 4, ಬಿ ಆದರೆ 6. ಈ ಪ್ರೊಸೆಸರ್ ಇರುವ ಸ್ಪೆಕ್ಟ್ರಮ್ ಎಂಬ ಹೋಮ್ ಕಂಪ್ಯೂಟರ್ ಓಡುವುದು 3.5 ಮೆಗಾಹರ್ಟ್ಸ್‌ನಲ್ಲಿ. ಕೊನೆಯ 'ಎ' ಇಲ್ಲದ ಐಸಿಯನ್ನು ಅದಕ್ಕೆಂದು ಕೊಡುವುದು ತಪ್ಪು. ಝೈಲಾಗ್ ಮುಂದೆ ಬರೆಯುವ ಕ್ರಮ ಬದಲಿಸಿತು. ಝೆಡ್0840004ಪಿಎಸ್‌ಸಿ ಎಂಬುದರಲ್ಲಿ ಅಕ್ಷರಗಳಿಗೆ ಮುಂಚಿನ 04 ವೇಗ, ಪಿ ಎಂದರೆ ಪ್ಲಾಸ್ಟಿಕ್ ಮೈ. ಇದೇ ಪ್ರೊಸೆಸರನ್ನು ಎನ್‌ಇಸಿ ಡಿ780ಸಿ ಎಂದೂ ಶಾರ್ಪ್ ಎಲ್‌ಎಚ್0080 ಎಂದೂ ಮಾರಿದವು. ಎನ್‌ಇಸಿಯದರಲ್ಲಿ 4 ಮೆಗಾಹರ್ಟ್ಸ್ ಬೇಕಾದರೆ ಕೊನೆಗೆ '-1' ಇರಬೇಕು. ಹೀಗೆ ಬೇರೆ ಹೆಸರಿನಲ್ಲಿರುವ ಐಸಿಗಳೇ ಗುಜರಿಯ ರಾಶಿಯಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿರುತ್ತವೆ.

ತಯಾರಿಕೆಯ ದಿನಾಂಕ ಸಾಮಾನ್ಯವಾಗಿ ನಾಲ್ಕು ಅಂಕೆ: 8423 ಎಂದರೆ 1984ರ 23ನೇ ವಾರ. ಇಂಟೆಲ್ ಐಸಿಗಳ ಮೇಲೆ ಹೆಸರಿನ ಪಕ್ಕದಲ್ಲಿರುವ '80 ದಿನಾಂಕವಲ್ಲ, ವಿನ್ಯಾಸದ ಹಕ್ಕುಸ್ವಾಮ್ಯದ ವರ್ಷ.

ಒಂದೇ ಅಂಕೆಯ ವ್ಯತ್ಯಾಸ ಎಷ್ಟು ದೂರ ಒಯ್ಯುತ್ತದೆ ಎಂಬುದಕ್ಕೆ ಫ್ಲಾಪಿ ಡಿಸ್ಕ್ ನಡೆಸುವ ಐಸಿಗಳಾದ ಫ್ಲಾಪಿ ಕಂಟ್ರೋಲರ್‌ಗಳೇ ಸಾಕ್ಷಿ. 8272 ಹಳೆಯ ಬೋರ್ಡುಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಎನ್‌ಇಸಿಯ 765ಕ್ಕೆ ಸಮಾನವಾದದ್ದು. 8271 ಬೇರೆಯೇ ಐಸಿ. ಅದನ್ನು ಬಳಸಿದ ಯಂತ್ರಗಳು ಕಡಿಮೆ, ಅವುಗಳಲ್ಲಿ ಬಿಬಿಸಿ ಮೈಕ್ರೊ ಒಂದು. ಭಾರತದಲ್ಲಿ 1984ರಲ್ಲಿ ಆರಂಭವಾದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆಯಡಿ ಶಾಲೆಗಳಿಗೆ ಬಂದದ್ದು ಇದೇ ಬಿಬಿಸಿ ಮೈಕ್ರೊ. ಹಾಗಾಗಿ ಶಾಲೆಯ ಹಳೆಯ ಸಾಮಾನು ಎಂದು ಯಾರಾದರೂ ಹೇಳಿದರೆ ನಾನು ಅಂಗಡಿಯ ಬಾಗಿಲು ಹಾಕಿಯಾದರೂ ಹೋಗಿ ನೋಡುತ್ತೇನೆ.

ಮೆಮೊರಿ ಐಸಿಗಳ ವಿಷಯದಲ್ಲಿ ಓದುವುದಷ್ಟೇ ಸಾಲದು, ಕೊಳ್ಳುವವರನ್ನು ಕೇಳಲೂ ಬೇಕು. 4116 ಮತ್ತು 4164 ಎರಡೂ 16 ಕಾಲಿನವು, ನೋಡಲು ಅವಳಿಗಳು. 4116ಕ್ಕೆ ಮೂರು ವೋಲ್ಟೇಜ್ ಬೇಕು: ಪಿನ್ 1ಕ್ಕೆ, ಅಂದರೆ ಮೊದಲ ಕಾಲಿಗೆ, ಮೈನಸ್ 5, ಪಿನ್ 8ಕ್ಕೆ 12, ಪಿನ್ 9ಕ್ಕೆ 5. 4164ಕ್ಕೆ 5 ವೋಲ್ಟ್ ಒಂದೇ ಸಾಕು, ಅದೂ ಪಿನ್ 8ಕ್ಕೆ. 4116 ಇದ್ದ ಜಾಗದಲ್ಲಿ 4164 ಕೂರಿಸಿದರೆ 5 ವೋಲ್ಟ್ ಇರಬೇಕಾದ ಕಾಲಿಗೆ 12 ವೋಲ್ಟ್ ಹೋಗುತ್ತದೆ. ಜೊತೆಗೆ ಕಂಪನಿಗೊಂದು ಹೆಸರು: ಫುಜಿತ್ಸು ಎಂಬಿ8116, ಹಿಟಾಚಿ ಎಚ್‌ಎಂ4716, ಎನ್‌ಇಸಿ ಡಿ416, ಎಲ್ಲವೂ 4116ರ ಬದಲಿಗೆ ಹೊಂದುವಂಥವೇ. ವೇಗ ಬರೆಯುವ ರೀತಿಯೂ ಒಂದೇ ಅಲ್ಲ. ಕೆಲವರು '-15' ಎಂದು ಬರೆದು 150 ನ್ಯಾನೊಸೆಕೆಂಡ್ ಎನ್ನುತ್ತಾರೆ, ಮೋಸ್ಟೆಕ್ ಅದನ್ನೇ '-2' ಎಂದು ಬರೆಯುತ್ತಿತ್ತು.

ಸ್ಪೆಕ್ಟ್ರಮ್‌ನ ಕೆಳಗಿನ 16 ಕಿಲೋಬೈಟಿಗೆ ಎಂಟು 4116ಗಳು. ಬೆಂಗಳೂರಿನ ಗ್ರಾಹಕರೊಬ್ಬರು "ಎಂಟೂ ಹೋಗಿವೆ ಸರ್, ಎಂಟೂ ಕಳುಹಿಸಿಬಿಡಿ" ಎಂದು ಕೇಳಿದರು. "ಕಳುಹಿಸುತ್ತೇನೆ ಸರ್. ಅದಕ್ಕೆ ಮುಂಚೆ ಪಿನ್ 1ರಲ್ಲಿ ಮೈನಸ್ 5 ವೋಲ್ಟ್ ಇದೆಯೇ ನೋಡಿ ಹೇಳಿ" ಎಂದೆ. ಇರಲಿಲ್ಲ. ಮೈನಸ್ 5 ಇಲ್ಲದೆ 12 ವೋಲ್ಟ್ ಮಾತ್ರ ಬಂದರೆ 4116 ಸಾಯುತ್ತದೆ. ಆ ಯಂತ್ರದಲ್ಲಿ ವೋಲ್ಟೇಜ್ ಪರಿವರ್ತಿಸುವ ಟಿಆರ್4 ಟ್ರಾನ್ಸಿಸ್ಟರ್ ಹೋಗುವುದು ಹೆಸರಾದ ತೊಂದರೆ. ಅದನ್ನು ಸರಿಪಡಿಸಿಕೊಂಡ ಮೇಲೆ ಅವರಿಗೆ ಐಸಿ ಕಳುಹಿಸಿದೆ. ಅಂದೇ ಮಾರಿಬಿಟ್ಟಿದ್ದರೆ ಹಣ ಬೇಗ ಬರುತ್ತಿತ್ತು, ಎಂಟು ಐಸಿಗಳು ಸುಡುತ್ತಿದ್ದವು. ಇವನ್ನು ಇನ್ನು ಯಾರೂ ತಯಾರಿಸುವುದಿಲ್ಲ. ಸುಟ್ಟದ್ದು ಲೋಕದ ದಾಸ್ತಾನಿನಿಂದಲೇ ಹೋಯಿತು.

ಕಮೊಡೋರ್ 64ರ ಧ್ವನಿಯ ಐಸಿ ಕೇಳುವವರನ್ನೂ ಹೀಗೆಯೇ ತಡೆದು ವಿಚಾರಿಸುತ್ತೇನೆ. 6581ಕ್ಕೆ 12 ವೋಲ್ಟ್, ನಂತರ ಬಂದ 8580ಕ್ಕೆ 9 ವೋಲ್ಟ್. ಫಿಲ್ಟರ್ ಕೆಪಾಸಿಟರ್‌ಗಳೂ ಬೇರೆ. ಬೋರ್ಡಿನ ಫೋಟೊ ನೋಡದೆ ಇದಕ್ಕೆ ನಾನು ಹೌದು ಎನ್ನುವುದಿಲ್ಲ. 6502 ಎಂಬ ಹಳೆಯ ಪ್ರೊಸೆಸರಿನ ಬದಲು ಈಗಲೂ ಹೊಸದಾಗಿ ಸಿಗುವ ಡಬ್ಲ್ಯು65ಸಿ02ಎಸ್ ಹಾಕಬಹುದೇ ಎಂದು ಕೇಳುವವರಿದ್ದಾರೆ. ಹಳೆಯದರಲ್ಲಿ ಪಿನ್ 1 ಗ್ರೌಂಡ್, ಹೊಸದರಲ್ಲಿ ಅದು ಔಟ್‌ಪುಟ್. ನೇರವಾಗಿ ಕೂರಿಸಿದರೆ ಆ ಔಟ್‌ಪುಟ್ ಗ್ರೌಂಡಿಗೆ ಶಾರ್ಟ್ ಆಗುತ್ತದೆ.

ನಕಲಿ ಬರಹದ ಕಾಟ ಈಗ ಜೋರಾಗಿದೆ. ಹಳೆಯ ಮೈಯನ್ನು ಉಜ್ಜಿ, ಕಪ್ಪು ಬಣ್ಣ ಬಳಿದು, ಬೇರೆ ಸಂಖ್ಯೆ ಮುದ್ರಿಸಿರುತ್ತಾರೆ. ಮೇಲ್ಮೈಯನ್ನೂ ಕೆಳಮೈಯನ್ನೂ ಭೂತಗನ್ನಡಿಯಲ್ಲಿ ಹೋಲಿಸಬೇಕು. ಪಿನ್ 1ರ ಗುರುತಿನ ಗುಳಿ ಬಣ್ಣದಿಂದ ತುಂಬಿದೆಯೇ, ಒಂದೇ ದಿಕ್ಕಿನ ಗೀರುಗಳಿವೆಯೇ ನೋಡಬೇಕು. ಅಸಿಟೋನ್ ಹಚ್ಚಿದ ಹತ್ತಿಗೆ ಕಪ್ಪು ಅಂಟಿದರೆ ಸಂಶಯ ಗಟ್ಟಿ. ಆದರೆ ಅಸಲಿ ಐಸಿಯ ಹಳೆಯ ಶಾಯಿಯೂ ಅಳಿಯಬಹುದು, ಆದ್ದರಿಂದ ಬರಹದಿಂದ ದೂರ ಒಂದು ಮೂಲೆಯಲ್ಲಿ ಮಾತ್ರ ಹಚ್ಚಬೇಕು. ಝೆಡ್80ಯನ್ನು ಮೊದಲು ಎನ್‌ಮಾಸ್, ಆಮೇಲೆ ಸಿಮಾಸ್ ಎಂಬ ಎರಡು ಬೇರೆ ತಂತ್ರಗಳಲ್ಲಿ ತಯಾರಿಸಿದರು. ಸಿಮಾಸ್ ಝೆಡ್80 ಎಂದು ಬರೆದದ್ದರೊಳಗೆ ಹಳೆಯ ಎನ್‌ಮಾಸ್ ಇರುವುದುಂಟು. ಅದನ್ನು ಹಿಡಿಯಲು ಒಂದು ಚೆಂದದ ದಾರಿಯಿದೆ. ಇಡಿ 71 ಎಂಬ ದಾಖಲೆಯಿಲ್ಲದ ಆಜ್ಞೆ ಕೊಟ್ಟರೆ ಎನ್‌ಮಾಸ್ ಐಸಿ ಪೋರ್ಟಿಗೆ 00 ಕಳುಹಿಸುತ್ತದೆ, ಸಿಮಾಸ್ ಆದರೆ ಎಫ್‌ಎಫ್. ಮೈಮೇಲಿನ ಬರಹ ಸುಳ್ಳಾಡಬಹುದು, ಒಳಗಿನ ಸಿಲಿಕಾನ್ ಆಡುವುದಿಲ್ಲ. ಝೈಲಾಗ್ 2024ರಲ್ಲಿ 40 ಕಾಲಿನ ಸಿಮಾಸ್ ಝೆಡ್80ಗೆ ಕೊನೆಯ ಆರ್ಡರ್ ಪಡೆದು ತಯಾರಿಕೆ ನಿಲ್ಲಿಸಿರುವುದರಿಂದ ಈ ಪರೀಕ್ಷೆ ಇನ್ನಷ್ಟು ಬೇಕಾಗುತ್ತದೆ.

ಮಾರುವಾಗ ಪ್ರತಿ ಐಸಿಯ ಎರಡೂ ಬದಿಯ ಫೋಟೊ ಹಾಕುತ್ತೇನೆ. ಸಾಕೆಟ್‌ನಿಂದ ತೆಗೆದದ್ದೋ ಬೆಸುಗೆ ಬಿಡಿಸಿದ್ದೋ ಬರೆಯುತ್ತೇನೆ. ಯಾವ ಯಂತ್ರದಲ್ಲಿ ಹಾಕಿ, ಎಷ್ಟು ಹೊತ್ತು ಓಡಿಸಿ ನೋಡಿದೆ ಎಂಬುದನ್ನೂ ಹೇಳುತ್ತೇನೆ. ಪರೀಕ್ಷಿಸಲು ನನ್ನ ಬಳಿ ಸರಿಯಾದ ಬೋರ್ಡ್ ಇಲ್ಲದಿದ್ದರೆ 'ಪರೀಕ್ಷಿಸಿಲ್ಲ' ಎಂದೇ ಬರೆದು ಬೆಲೆ ಇಳಿಸುತ್ತೇನೆ.

ಪ್ಯಾಕಿಂಗ್‌ಗೆ ಥರ್ಮೋಕೋಲ್ ಬೇಡವೇ ಬೇಡ. ಬಳ್ಳಾರಿಯ ಏಪ್ರಿಲ್ ತಿಂಗಳ ಒಣ ಹವೆಯಲ್ಲಿ ಸ್ಥಿರ ವಿದ್ಯುತ್ತು ಸುಮ್ಮನೆ ಹುಟ್ಟುತ್ತದೆ. ಹಳೆಯ ಕಪ್ಪು ಫೋಮ್ ಕೂಡ ಬೇಡ. ಅದು ವರ್ಷಗಳಾದ ಮೇಲೆ ಪುಡಿಯಾಗಿ ಕಾಲುಗಳನ್ನು ತಿನ್ನುತ್ತದೆ. ಹೊಸ ಆ್ಯಂಟಿಸ್ಟ್ಯಾಟಿಕ್ ಫೋಮ್‌ನಲ್ಲಿ ಕಾಲೂರಿಸಿ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಅಂಚೆಗೆ ಕೊಡುತ್ತೇನೆ. ತಲುಪಿದ ಮೇಲೆ ಕೆಲಸ ಮಾಡದಿದ್ದರೆ ಮೊದಲು ಬೋರ್ಡಿನ ವೋಲ್ಟೇಜ್ ಅಳೆಯಲು ಹೇಳುತ್ತೇನೆ. ಅದು ಸರಿಯಿದ್ದರೆ ಹಣ ವಾಪಸ್. ಐಸಿಯನ್ನು ಹಿಂದಿರುಗಿಸಲು ಕೇಳುವುದಿಲ್ಲ, ಹೊರದೇಶದಿಂದ ಅಂಚೆ ವೆಚ್ಚವೇ ಅದರ ಬೆಲೆಯನ್ನು ಮೀರುತ್ತದೆ.